ಮೊಲದ ಮರಿ ಸಿಕ್ಕಿದ್ದೆಲ್ಲ ಕಡಿಯುತ್ತಿದೆಯೇ? ಕರಾವಳಿಯ ಮನೆಗಳಿಗೊಂದು ಕೈಪಿಡಿ

ಮೂರು ತಿಂಗಳವರೆಗೆ ಮಡಿಲಲ್ಲಿ ಮುದುಡಿ ಕೂರುತ್ತಿದ್ದ ಮೊಲದ ಮರಿ ನಾಲ್ಕನೇ ತಿಂಗಳು ಹಿಡಿಯುತ್ತಿದ್ದಂತೆ ಮನೆಯ ಒಂದೊಂದೇ ವಸ್ತುವಿಗೆ ಬಾಯಿ ಹಾಕತೊಡಗುತ್ತದೆ. ಮೊದಲು ಮೊಬೈಲ್ ಚಾರ್ಜರ್, ಆಮೇಲೆ ಚಾವಡಿಯ ಜಮಖಾನದ ಅಂಚು, ಕೊನೆಗೆ ಅಜ್ಜನ ಕಾಲದ ಮರದ ಕುರ್ಚಿ. ಬೇಸತ್ತು ಗೂಡಿನೊಳಗೆ ಹಾಕಿದರೆ ಸರಳು ಕಡಿದು ಬೆಳಗಿನ ಜಾವ ಇಡೀ ಮನೆಯ ನಿದ್ದೆ ಕೆಡಿಸುತ್ತದೆ. "ಯಾರಿಗಾದರೂ ಕೊಟ್ಟುಬಿಡುವ" ಎಂಬ ಮಾತು ಮನೆಯಲ್ಲಿ ಹುಟ್ಟುವುದೂ ಇದೇ ಹೊತ್ತಿಗೆ.

ಕೊಡುವ ಮೊದಲು ಕೆಲವು ಕೆಲಸ ಮಾಡಿ ನೋಡಿ. ಮೊಲ ಕಡಿಯುವುದನ್ನು ನಿಲ್ಲಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಏನನ್ನು ಕಡಿಯಬೇಕು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು. ಅದರಲ್ಲೂ ಮುಕ್ಕಾಲು ಪಾಲು ಕೆಲಸ ಹುಲ್ಲಿನದ್ದು. ಪೇಟೆಯಲ್ಲಿ ಸಿಗುವ ಬಣ್ಣದ ಆಟಿಕೆಗೆ ದುಡ್ಡು ಹಾಕುವ ಬದಲು ಅಷ್ಟೇ ದುಡ್ಡಿಗೆ ಹುಲ್ಲು ತನ್ನಿ ಎಂದೇ ನನ್ನ ಸಲಹೆ.

ಕಡಿಯುವುದು ಯಾಕೆ

ಮೊಲಕ್ಕೆ ಇರುವುದು 28 ಹಲ್ಲು. ಅಷ್ಟೂ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಎದುರಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಸವೆಯದಿದ್ದರೆ ಹಲ್ಲು ಬಾಗಿ, ಕೆನ್ನೆ, ನಾಲಿಗೆಗೆ ಚುಚ್ಚಿ ಊಟವೇ ನಿಲ್ಲುತ್ತದೆ. "ಹಾಗಾದರೆ ಒಂದು ಮರದ ತುಂಡು ಹಾಕಿದರೆ ಮುಗಿಯಿತಲ್ಲ" ಎಂದು ಹಲವರು ಹೇಳುತ್ತಾರೆ. ಮುಗಿಯುವುದಿಲ್ಲ. ಮರ ಕಡಿಯುವಾಗ ದುಡಿಯುವುದು ಎದುರಿನ ಹಲ್ಲು ಮಾತ್ರ. ಹಿಂದಿನ ದವಡೆಹಲ್ಲು ಸವೆಯಬೇಕಾದರೆ ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡಕ್ಕೆ ಅರೆಯಬೇಕು.

ಇನ್ನೊಂದು ಕಾರಣ ಅದರ ವಂಶದ್ದು. ಮನೆಯಲ್ಲಿ ಸಾಕುವ ಮೊಲಗಳೆಲ್ಲ ಯುರೋಪಿನ ಬಿಲ ತೋಡುವ ಮೊಲದ ಸಂತತಿ. ನಮ್ಮ ಗುಡ್ಡೆಯ ಕಾಡುಮೊಲ ಬೇರೆಯೇ ಜಾತಿ; ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ. (ಗುಡ್ಡೆಯಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.) ಬಿಲದಲ್ಲಿ ಬದುಕುವ ಪ್ರಾಣಿಗೆ ದಾರಿಗೆ ಅಡ್ಡ ಬರುವ ಬೇರು ಕಡಿದು ಹಾಕಬೇಕಾದ ವಸ್ತು. ಟಿವಿ ಸ್ಟ್ಯಾಂಡಿನ ಹಿಂದೆ ನೆಲದ ಮೇಲೆ ಬಿದ್ದ ವಯರು ಅದರ ಕಣ್ಣಿಗೆ ಅಂಥದೇ ಬೇರು. ಅದು ನಿಮ್ಮ ಮೇಲಿನ ಸಿಟ್ಟಿಗೆ ಕಡಿಯುವುದಲ್ಲ, ಹಟಕ್ಕೂ ಅಲ್ಲ.

ಮೊದಲ ಕೆಲಸ: ವಯರು

ಉಳಿದದ್ದೆಲ್ಲ ನಾಳೆಗೆ ಇಟ್ಟುಕೊಳ್ಳಿ, ಇದನ್ನು ಇವತ್ತೇ ಮಾಡಿ. ನಮ್ಮ ಮನೆಗಳಲ್ಲಿ ಹರಿಯುವುದು 230 ವೋಲ್ಟ್.

ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೋಣೆಯನ್ನೊಮ್ಮೆ ನೋಡಿ. ನಿಂತಾಗ ಕಾಣದ ಇನ್ವರ್ಟರಿನ ವಯರು, ಫ್ರಿಜ್ಜಿನ ಹಿಂದಿನ ಸಂದು, ಸೋಫಾದಡಿಯ ಹರಿದ ಬಟ್ಟೆ ಎಲ್ಲ ಆಗ ಕಾಣುತ್ತವೆ. ಹಿಂಗಾಲ ಮೇಲೆ ನಿಂತ ಮೊಲದ ಬಾಯಿಗೆ ಎರಡು ಅಡಿ ಎತ್ತರದವರೆಗಿನ ವಸ್ತು ಎಟುಕುತ್ತದೆ ಎಂದು ಲೆಕ್ಕ ಹಿಡಿಯಿರಿ. ಅದಕ್ಕಿಂತ ಕೆಳಗಿರುವ ವಯರನ್ನು ಗೋಡೆಗೆ ಕೇಸಿಂಗ್ ಪಟ್ಟಿ ಹೊಡೆದು ಅದರೊಳಗೆ ಹಾಕಿ. ಅದಾಗದ ಕಡೆ ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿ. ಗಿಡಕ್ಕೆ ನೀರು ಬಿಡುವ ಮೆತ್ತನೆಯ ಪೈಪನ್ನು ಸೀಳಿ ಹೊದೆಸುವವರಿದ್ದಾರೆ. ಅದನ್ನು ಮೊಲ ಬೇಗನೆ ಕಡಿದು ಮುಗಿಸುತ್ತದೆ. ಚಾರ್ಜರನ್ನು ಕೆಲಸ ಮುಗಿದ ಕೂಡಲೇ ಕಿತ್ತು ಮೇಲಿಡುವುದೊಂದೇ ದಾರಿ. ಇಲೆಕ್ಟ್ರಿಷಿಯನ್ ಮನೆಗೆ ಬಂದಾಗ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯೇ ಎಂದೂ ಕೇಳಿ. ಬರೀ ಎಂಸಿಬಿ (ಲೋಡ್ ಹೆಚ್ಚಾದರೆ ಆಫ್ ಆಗುವ ಸ್ವಿಚ್) ಶಾಕ್‌ನಿಂದ ಕಾಪಾಡುವುದಿಲ್ಲ, ಮೊಲವನ್ನೂ ಇಲ್ಲ, ಮಕ್ಕಳನ್ನೂ ಇಲ್ಲ.

ಮಳೆಗಾಲದಲ್ಲಿ ಹೆಗ್ಗಣ, ಇಲಿಗಳೂ ಒಳಗೆ ಬರುವುದರಿಂದ ಕಡಿದವರು ಯಾರೆಂದು ಗೊತ್ತಾಗಬೇಕು. ತುದಿ ನೋಡಿ. ಮೊಲ ಕಡಿದ ವಯರು ಅಥವಾ ರೆಂಬೆ ನೇಲ್ ಕಟ್ಟರಿನಲ್ಲಿ ಕತ್ತರಿಸಿದಂತೆ ಓರೆಯಾಗಿ, ನುಣ್ಣಗೆ ತುಂಡಾಗಿರುತ್ತದೆ. ಇಲಿ ಕೊರೆದ ಕಡೆ ತುದಿ ಹರುಕುಮುರುಕು, ಕೆಳಗೆ ಪುಡಿ ಬಿದ್ದಿರುತ್ತದೆ. ಇಲಿಯ ಕೆಲಸವೆಂದಾದರೆ ಇಲಿ ಪಾಷಾಣ ತಂದಿಡಬೇಡಿ, ಬೋನು ಇಡಿ. ಪಾಷಾಣದ ಕೇಕು ಮೊಲದ ಬಾಯಿಗೇ ಮೊದಲು ಸಿಗುವುದು.

ಶಾಕ್ ಹೊಡೆದದ್ದು ಕಂಡರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮೊಲವನ್ನು ಮುಟ್ಟಿ. ಎದ್ದು ಓಡಾಡಿತು ಎಂದು ಸುಮ್ಮನಾಗಬೇಡಿ. ತುಟಿ, ನಾಲಿಗೆ ಸುಟ್ಟಿರಬಹುದು, ಶ್ವಾಸಕೋಶದಲ್ಲಿ ನೀರು ತುಂಬಿ ಕೆಲವು ಗಂಟೆಗಳ ನಂತರ ಉಸಿರಾಟಕ್ಕೆ ತೊಂದರೆಯಾಗಬಹುದು. ಅವತ್ತೇ ಪಶುವೈದ್ಯರಿಗೆ ತೋರಿಸಬೇಕು.

ನಮ್ಮ ಮನೆಗಳಲ್ಲೇ ಇರುವ ವಿಷ

ಬೇರೆ ಊರಿನವರು ಬರೆದ ಪಟ್ಟಿಗಳಲ್ಲಿ ಸಿಗದ ಒಂದು ವಸ್ತು ನಮ್ಮಲ್ಲಿ ಮನೆಮನೆಯಲ್ಲಿದೆ: ಬೀಡಿ ಕಟ್ಟುವ ಗೆರಸೆ. ಅದರಲ್ಲಿರುವ ಹೊಗೆಸೊಪ್ಪಿನ ಪುಡಿಯ ನಿಕೋಟಿನ್ ಒಂದೂವರೆ ಎರಡು ಕೆಜಿ ತೂಗುವ ಪ್ರಾಣಿಗೆ ಸ್ವಲ್ಪವೇ ಹೋದರೂ ಅಪಾಯ. ಬೀಡಿ ಕಟ್ಟುವವರು ಜಗಲಿಯಲ್ಲಿ ನೆಲದ ಮೇಲೆ ಕೂರುತ್ತಾರೆ, ನಡುವೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮೊಲಕ್ಕೆ ಅಷ್ಟು ಹೊತ್ತು ಸಾಕು. ಗೆರಸೆ ನೆಲದಲ್ಲಿರುವಷ್ಟು ಹೊತ್ತು ಮೊಲ ಬೇರೆ ಕೋಣೆಯಲ್ಲಿರಲಿ. ಎಲೆ-ಅಡಿಕೆಯ ಹರಿವಾಣಕ್ಕೂ ಇದೇ ನಿಯಮ.

ಗಿಡಗಳ ಪೈಕಿ ಕಣಗಿಲೆ, ಎಕ್ಕ, ಹರಳು, ದತ್ತೂರ, ಲಂಟಾನ, ಕ್ರೋಟನ್ ಇವು ಬೇಡವೇ ಬೇಡ. ಬಾಟಲಿಯಲ್ಲಿ ಬೆಳೆಸುವ ಮನಿಪ್ಲಾಂಟ್ ಮತ್ತು ಪತ್ರೊಡೆಗೆ ತಂದಿಟ್ಟ ಹಸಿ ಕೆಸುವಿನೆಲೆ ಬಾಯಿ, ಗಂಟಲು ಉರಿಸುತ್ತವೆ. ತೆಂಗಿನ ನಾರಿನ ಕಾಲೊರೆಸು, ನೈಲಾನ್ ಹಗ್ಗ, ಜಮಖಾನದ ಕುಚ್ಚು ವಿಷವಲ್ಲ, ಆದರೆ ನುಂಗಿದ ಎಳೆಗಳು ಹೊಟ್ಟೆಯಲ್ಲಿ ಗಂಟು ಕಟ್ಟುತ್ತವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಹಿಡಿಸೂಡಿಯನ್ನು ಮೂಲೆಯಲ್ಲಿ ಒರಗಿಸಿಡುವ ಅಭ್ಯಾಸ ಬಿಟ್ಟು ಗೋಡೆಗೆ ನೇತುಹಾಕಿ, ಅದರ ಕಡ್ಡಿ ಬಾಯಿಗೆ ಚುಚ್ಚುತ್ತದೆ.

ಹುಲ್ಲು, ಮತ್ತೆ ಹುಲ್ಲು

ದಿನಕ್ಕೆ ಮೊಲದ ಮೈಗಾತ್ರದಷ್ಟು ಒಣಹುಲ್ಲಿನ ರಾಶಿ ಅದರ ಎದುರಿರಬೇಕು, ಯಾವ ಹೊತ್ತಿಗೂ ಖಾಲಿಯಾಗಬಾರದು. ಆಹಾರದ ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚು ಹುಲ್ಲೇ ಆಗಿರಬೇಕು. ಕಡಿತದ ದೂರು ಹೇಳುವ ಮನೆಗಳಲ್ಲಿ ಗೂಡಿನೊಳಗೆ ಇಣುಕಿದರೆ ಸಾಮಾನ್ಯವಾಗಿ ಕಾಣುವುದು ಒಂದು ಬಟ್ಟಲು ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ಅರ್ಧ ಕ್ಯಾರೆಟ್, ಒಂದು ಬಿಸ್ಕತ್ತು. ಅಷ್ಟನ್ನು ಐದು ನಿಮಿಷದಲ್ಲಿ ತಿಂದು ಮುಗಿಸಿದ ಪ್ರಾಣಿ ಉಳಿದ ದಿನವೆಲ್ಲ ಹಲ್ಲಿಗೆ ಕೆಲಸ ಹುಡುಕುತ್ತದೆ. ಕುರ್ಚಿಯ ಕಾಲು ಸಿಗುತ್ತದೆ.

ಟಿಮೊಥಿ ಹುಲ್ಲು ಒಳ್ಳೆಯದು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಕೈ ಸುಡುತ್ತದೆ. ಅದೇ ಬೇಕೆಂದಿಲ್ಲ. ಊರಿನ ಗರಿಕೆ ಹುಲ್ಲು, ಹಟ್ಟಿ ಇರುವವರು ದನಗಳಿಗೆ ಬೆಳೆಸುವ ನೇಪಿಯರ್, ಮೆಕ್ಕೆಜೋಳದ ಗಿಡದ ಎಲೆ ಎಲ್ಲವೂ ಆಗುತ್ತದೆ. ಹಸಿಹುಲ್ಲನ್ನು ಒಮ್ಮೆಲೇ ಸುರಿಯದೆ ಒಂದು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ. ಕೊಯ್ದು ಗೋಣಿಯಲ್ಲಿ ಒತ್ತಿ ತುಂಬಿದ ಹಸಿಹುಲ್ಲು ಒಳಗೊಳಗೇ ಬಿಸಿಯಾಗುತ್ತದೆ; ಕೈ ಹಾಕಿದಾಗ ಬೆಚ್ಚಗಿದ್ದರೆ ಅದು ಗೊಬ್ಬರದ ಗುಂಡಿಗೆ. ರಸ್ತೆ ಬದಿಯ, ನಾಯಿ ಓಡಾಡುವ ಜಾಗದ ಹುಲ್ಲು ಬೇಡ. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇರುವುದರಿಂದ ಗುರುತಿನವರ ತೋಟದ ಹುಲ್ಲು ತಂದು, ತೊಳೆದು, ನೀರು ಇಳಿಸಿ ಹಾಕಿ.

ಬೈಹುಲ್ಲಿನ ಬಗ್ಗೆ ಹಲವರು ಕೇಳುತ್ತಾರೆ. ಕಡಿಯಲಿಕ್ಕೆ, ಹಾಸಲಿಕ್ಕೆ ಬೈಹುಲ್ಲು ಚೆನ್ನಾಗಿದೆ, ಹಲ್ಲನ್ನೂ ಸವೆಸುತ್ತದೆ. ಆದರೆ ಸತ್ವ ಕಡಿಮೆ, ಬೆಳೆಯುವ ಮರಿಗೆ ಅದೊಂದೇ ಸಾಲದು. ಒಳ್ಳೆಯ ಹುಲ್ಲಿನ ಜೊತೆ ಬೆರೆಸಿ. ಆರು ತಿಂಗಳೊಳಗಿನ ಮರಿಗೆ ಕುದುರೆ ಮಸಾಲೆ, ಅಂದರೆ ಲೂಸರ್ನ್ ಕೊಡಬಹುದು. ಆಮೇಲೆ ಅದರ ಸುಣ್ಣದಂಶ ಹೆಚ್ಚಾಗುವುದರಿಂದ ನಿಲ್ಲಿಸಬೇಕು. ಬೆಳೆದ ಮೊಲಕ್ಕೆ ಪೆಲೆಟ್ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಸೊಪ್ಪಿನಲ್ಲಿ ಕೊತ್ತಂಬರಿ, ಪುದೀನ ಒಳ್ಳೆಯವು. ಹರಿವೆ, ಬಸಳೆ ನಮ್ಮ ಹಿತ್ತಿಲಿನಲ್ಲಿ ಧಾರಾಳ ಇದ್ದರೂ ಆಕ್ಸಲೇಟ್ ಜಾಸ್ತಿ, ವಾರಕ್ಕೊಮ್ಮೆ ನಾಲ್ಕೆಲೆ ಸಾಕು. ಅವಲಕ್ಕಿ, ಚಪಾತಿ, ದೋಸೆ ತುಂಡು ಬೇಡ. ಅಜ್ಜಿಯಂದಿರಿಗೆ ಇದನ್ನು ಒಪ್ಪಿಸುವುದು ಈ ಕೈಪಿಡಿಯ ಅತಿ ಕಷ್ಟದ ಹೆಜ್ಜೆ.

ಕರಾವಳಿಯಲ್ಲಿ ಹುಲ್ಲಿನ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಬೂಷ್ಟು ಹಿಡಿದ ಹುಲ್ಲು ಹೊಟ್ಟೆಗೂ ಉಸಿರಿಗೂ ಕೆಟ್ಟದ್ದು. ವರ್ಷಕ್ಕಾಗುವಷ್ಟು ಒಮ್ಮೆಲೇ ತಂದಿಡಬೇಡಿ, ಮಳೆಗಾಲಕ್ಕೆ ಸಣ್ಣ ಸಣ್ಣ ಕಟ್ಟು ತನ್ನಿ. ಚೆನ್ನಾಗಿ ಒಣಗಿದ್ದನ್ನು ಮುಚ್ಚಳದ ಡ್ರಮ್ಮಿನಲ್ಲಿ, ನೆಲದಿಂದ ಎತ್ತರದಲ್ಲಿಡಿ; ಬಿಸಿಲು ಬಿದ್ದ ದಿನ ಜಗಲಿಯಲ್ಲಿ ಹರಡಿ. ಒಂದು ಹಿಡಿ ಮೂಗಿಗೆ ಹಿಡಿದರೆ ಒಣಹುಲ್ಲಿನ ಸಿಹಿ ವಾಸನೆ ಬರಬೇಕು. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿ ಧೂಳು ಹಾರಿದರೆ ಎಸೆಯಿರಿ.

ಹುಲ್ಲು ತಿನ್ನಿಸುವ ಒಂದು ಉಪಾಯ: ಮೊಲ ಹಿಕ್ಕೆ ಹಾಕುತ್ತಲೇ ತಿನ್ನುವ ಪ್ರಾಣಿ. ಅದು ಹಿಕ್ಕೆ ಹಾಕುವ ಮೂಲೆಯಲ್ಲಿ ಪೇಪರ್ ಹಾಸಿದ ಟ್ರೇ ಇಟ್ಟು, ಬಾಯಿಗೆ ಎಟುಕುವಂತೆ ಒಂದು ಬದಿಗೆ ಹುಲ್ಲಿನ ಕಟ್ಟು ನಿಲ್ಲಿಸಿ. ಟ್ರೇಯಲ್ಲಿ ಕೂರುವ ಹೊತ್ತು ಹೆಚ್ಚಾದಷ್ಟೂ ಕುರ್ಚಿಯ ಆಯುಷ್ಯ ಹೆಚ್ಚು.

ಕಡಿಯಲಿಕ್ಕೆಂದೇ ಕೊಡುವ ವಸ್ತುಗಳು

ಅಡಿಕೆ ಹಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಣ್ಣ, ಅಂಟು ಇಲ್ಲದ ಹಾಳೆತಟ್ಟೆಯನ್ನು ಮೊಲ ಅಂಚಿನಿಂದ ಶುರುಮಾಡಿ ಸುತ್ತಲೂ ಕಡಿದುಕೊಂಡು ಹೋಗುತ್ತದೆ, ಕೊನೆಗೆ ನಡುವಿನ ಗುಂಡಿಯಷ್ಟೇ ಉಳಿಯುತ್ತದೆ. ತಟ್ಟೆಯಲ್ಲೊಂದು ತೂತು ಮಾಡಿ ಹುಲ್ಲು ಸಿಕ್ಕಿಸಿ ಕೊಟ್ಟರೆ ಇನ್ನೂ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ತೋಟದಿಂದ ನೇರ ಹೆಕ್ಕಿ ತರುವವರು ಒಂದು ವಿಷಯ ಗಮನಿಸಬೇಕು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರ ತಾಮ್ರ ಹಾಳೆಯ ಮೇಲೂ ಕೂರುತ್ತದೆ. ನೀಲಿ-ಬಿಳಿ ಕಲೆ ಕಂಡ ಹಾಳೆ ಬೇಡ. ಮದ್ದು ಬಿಟ್ಟ ಸಮಯದಲ್ಲಿ ಬಿದ್ದದ್ದೂ ಬೇಡ. ಬೇಸಿಗೆಯಲ್ಲಿ ಬಿದ್ದದ್ದನ್ನು ಉಜ್ಜಿ ತೊಳೆದು ಒಣಗಿಸಿ ಇಟ್ಟುಕೊಳ್ಳಿ.

ಪೇರಳೆ ಮತ್ತು ಹಿಪ್ಪುನೇರಳೆಯ ಹೆಬ್ಬೆರಳು ದಪ್ಪದ ಗೆಲ್ಲುಗಳನ್ನು ಎಲೆಸಮೇತ ಕೊಡಿ. ತೊಗಟೆ ಸುಲಿಯುವ ಕೆಲಸವೇ ಅದಕ್ಕೆ ಅರ್ಧ ದಿನ. ದಾಸವಾಳದ ಎಲೆ, ಹೂವು, ಬಾಳೆ ಎಲೆಯ ತುಂಡೂ ಸರಿ. ವಾರ್ನಿಷ್ ಬಳಿಯದ ಬಿದಿರು ಬುಟ್ಟಿ, ಟೇಪು ಮತ್ತು ಪಿನ್ನು ಕಿತ್ತ ರಟ್ಟಿನ ಪೆಟ್ಟಿಗೆ ಆಗುತ್ತದೆ. ರಟ್ಟನ್ನು ಹರಿದು ಬಿಸಾಡುವ ಮೊಲಕ್ಕೆ ಮಾತ್ರ ಕೊಡಿ, ನುಂಗುವ ಮೊಲಕ್ಕೆ ಬೇಡ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದರೆ ಯಾವ ಸ್ವಭಾವ ಎಂದು ತಿಳಿಯುತ್ತದೆ. ಪ್ಲೈವುಡ್, ಬಣ್ಣ ಬಳಿದ ಮರ ಬೇಡ.

ಹಳೆಯ ಮನೆಯ ದಾರಂದ, ಹೊಸ್ತಿಲು ಕಡಿಯುತ್ತಿದ್ದರೆ ಮಂಗಳೂರು ಹಂಚು ಸಹಾಯಕ್ಕೆ ಬರುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯ ಕಾಲದಿಂದ ನಮ್ಮ ಹಿತ್ತಿಲುಗಳಲ್ಲಿ ಹಳೆ ಹಂಚಿಗೆ ಬರವಿಲ್ಲ. ಕಡಿಯುವ ಮೂಲೆಗೆ ಎರಡು ಹಂಚು ಒರಗಿಸಿ, ಬೀಳದಂತೆ ಕಟ್ಟಿ. ಏಪ್ರಿಲ್–ಮೇ ಸೆಕೆಯಲ್ಲಿ ಇನ್ನೊಂದನ್ನು ನೀರಲ್ಲಿ ನೆನೆಸಿ ಮಲಗಲು ಕೊಡಿ. ಒದ್ದೆ ಬಟ್ಟೆಯಾದರೆ ಅದನ್ನೂ ತಿನ್ನುತ್ತದೆ.

ಕಲಿಸುವುದು

ಮೊಲ ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಚುರುಕಾಗುವ ಪ್ರಾಣಿ. ಸೆಕೆಗಾಲದಲ್ಲಿ ಹಗಲಿಡೀ ಬಿದ್ದುಕೊಂಡಿದ್ದು ಆ ಶಕ್ತಿಯನ್ನೆಲ್ಲ ರಾತ್ರಿಗೆ ಖರ್ಚು ಮಾಡುತ್ತದೆ. ಆದ್ದರಿಂದ ಹೊರಬಿಡುವ ಹೊತ್ತು ಸಂಜೆಯದ್ದಾಗಿರಲಿ; ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಓಡಾಟ ಬೇಕು. ಇಡೀ ಮನೆ ಬಿಟ್ಟುಕೊಡಬೇಡಿ. ಒಂದು ಕೋಣೆ, ಅದು ಪೂರ್ತಿ ಸುರಕ್ಷಿತವಾದ ಮೇಲೆ ಇನ್ನೊಂದು. ನುಣುಪು ಟೈಲ್ಸ್ ನೆಲದಲ್ಲಿ ಕಾಲು ಜಾರುವುದರಿಂದ ಮೊಲ ಚಾಪೆಯ ಮೇಲೆಯೇ ಉಳಿದು, ಬೇಜಾರಾಗಿ ಚಾಪೆಯನ್ನೇ ತಿನ್ನುತ್ತದೆ. ಕೆಳಗೆ ಅಂಚು ಸಿಗದಂತೆ ದೊಡ್ಡ ಹಾಸು ಹಾಕಿದರೆ ಓಡುತ್ತದೆ, ಓಡಿದರೆ ಕಡಿಯುವುದು ಕಡಿಮೆಯಾಗುತ್ತದೆ.

ಹೊಸ ವಸ್ತು ಕಂಡಾಗ ಅದು ಏನು ಮಾಡುತ್ತದೆಂದು ಒಮ್ಮೆ ಗಮನಿಸಿ. ಕತ್ತು ಚಾಚಿ ಮೂಸುತ್ತದೆ, ಗದ್ದ ಉಜ್ಜಿ ತನ್ನ ವಾಸನೆ ಹಚ್ಚುತ್ತದೆ, ಆಮೇಲೆ ಮೆಲ್ಲನೆ ಎರಡು ಬಾರಿ ಹಲ್ಲು ತಾಗಿಸಿ ನೋಡುತ್ತದೆ, ಅದರ ನಂತರವೇ ನಿಜವಾದ ಕಡಿತ. ನೀವು ನಡುವೆ ಬರಬೇಕಾದದ್ದು ಗದ್ದ ಉಜ್ಜುವ ಹೊತ್ತಿಗೆ. "ಬೇಡ" ಎಂದು ಗಟ್ಟಿಯಾಗಿ ಹೇಳಿ, ಒಮ್ಮೆ ಕೈತಟ್ಟಿ, ಕೂಡಲೇ ಹಾಳೆಯ ತುಂಡನ್ನೋ ಪೇರಳೆ ಗೆಲ್ಲನ್ನೋ ಬಾಯೆದುರು ಇಡಿ. ಅದನ್ನು ಕಡಿದರೆ ತಲೆ ಸವರಿ. ಮನೆಯವರೆಲ್ಲ ಒಂದೇ ಪದ, ಒಂದೇ ರೀತಿ. ಅಮ್ಮ ಬೈದು ಮಗ ನಕ್ಕರೆ ಅದು ಏನನ್ನೂ ಕಲಿಯುವುದಿಲ್ಲ.

ಹೊಡೆಯುವುದು, ಅಟ್ಟಿಸಿಕೊಂಡು ಹೋಗುವುದು, ಮುಖಕ್ಕೆ ನೀರು ಚಿಮುಕಿಸುವುದು ಯಾವುದೂ ಬೇಡ. ಬೇಟೆಯಾಗುವ ಪ್ರಾಣಿ ಅದು. ಪೆಟ್ಟಿಗೂ ಕುರ್ಚಿಗೂ ಸಂಬಂಧ ಅದಕ್ಕೆ ಗೊತ್ತಾಗುವುದಿಲ್ಲ, ನಿಮ್ಮ ಕೈ ಎಂದರೆ ಭಯ ಎಂಬುದಷ್ಟೇ ಗೊತ್ತಾಗುತ್ತದೆ. "ಸ್ವಲ್ಪ ಮೆಣಸಿನ ಹುಡಿ ಉದುರಿಸಿ ಬಿಡಿ ಮಾರಾಯ್ರೆ" ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಮೆಣಸು ಅದರ ಕಾಲಿಗಂಟಿ ಕಣ್ಣಿಗೆ ಹೋಗುತ್ತದೆ.

ಬೆಳಗಿನ ಜಾವ ಸರಳು ಕಡಿಯುವ ಮೊಲಕ್ಕೆ ಆ ಪಾಠ ಹೇಳಿಕೊಟ್ಟವರು ಮನೆಯವರೇ. ಸದ್ದು ತಾಳಲಾರದೆ ಎದ್ದು ಒಂದು ತುಂಡು ಕ್ಯಾರೆಟ್ ಹಾಕಿದಿರಿ, ಅದು ಕಲಿತಿತು. ರಾತ್ರಿ ಮಲಗುವ ಮುಂಚೆ ಹುಲ್ಲನ್ನು ಪೂರ್ತಿ ತುಂಬಿ, ಪೆಲೆಟ್ಟಿನ ಒಂದು ಪಾಲನ್ನು ಅದರೊಳಗೆ ಅಡಗಿಸಿಡಿ. ಬೆಳಿಗ್ಗೆ ಸದ್ದು ನಿಂತು ಸ್ವಲ್ಪ ಹೊತ್ತಾದ ಮೇಲೆಯೇ ಗೂಡಿನ ಹತ್ತಿರ ಹೋಗಿ. ಮೊದಲ ಕೆಲವು ದಿನ ಸದ್ದು ಜಾಸ್ತಿಯಾಗುತ್ತದೆ, ಅಲ್ಲಿ ಸೋಲಬೇಡಿ. ಅಷ್ಟಾದರೂ ನಿಲ್ಲದಿದ್ದರೆ ಗೂಡು ಸಣ್ಣದಾಯಿತೆಂದೇ ಅರ್ಥ.

ಕೆರೆಯುವ ಚಟವೂ ಇದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ಹರಿದ ಪೇಪರು, ಹುಲ್ಲು ತುಂಬಿ ಕೊಡಿ. ಮಣ್ಣೂ ಆಗುತ್ತದೆ. ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕಡಲ ಮರಳು ತಂದು ಹಾಕಬೇಡಿ, ಅದರ ತುಂಬ ಉಪ್ಪು.

ಪ್ರಾಯ ಮತ್ತು ಆಪರೇಷನ್

ನಾಲ್ಕರಿಂದ ಆರು ತಿಂಗಳ ನಡುವೆ ಪ್ರಾಯಕ್ಕೆ ಬರುವ ಮೊಲ ಅತಿ ಹೆಚ್ಚು ಕಡಿಯುತ್ತದೆ. ಹೆಣ್ಣು ನೆಲ ಕೆರೆದು, ಎದೆಯ ರೋಮ ಕಿತ್ತು ಗೂಡು ಕಟ್ಟುವುದೂ ಉಂಟು, ಗಬ್ಬ ನಿಲ್ಲದಿದ್ದರೂ. ಒಂದು ವರ್ಷ ದಾಟುವಾಗ ಬಹಳಷ್ಟು ಮೊಲಗಳು ತಣ್ಣಗಾಗುತ್ತವೆ. ಸಂತಾನಹರಣ ಮಾಡಿಸಿದರೆ ಇನ್ನೂ ಬೇಗ, ಮತ್ತು ಹೆಣ್ಣು ಮೊಲಗಳಲ್ಲಿ ಪ್ರಾಯವಾದಂತೆ ಬರುವ ಗರ್ಭಕೋಶದ ಕ್ಯಾನ್ಸರ್ ತಪ್ಪುತ್ತದೆ. ನಮ್ಮ ಕಡೆಯ ಪಶುವೈದ್ಯರ ಹೆಚ್ಚಿನ ಕೆಲಸ ದನ ಮತ್ತು ನಾಯಿಗಳದ್ದು, ಆದ್ದರಿಂದ ಫೋನಿನಲ್ಲೇ ಕೇಳಿ: ಮೊಲದ ಆಪರೇಷನ್ ಮಾಡಿದ ಅನುಭವ ಇದೆಯೇ, ಗ್ಯಾಸ್ ಅರಿವಳಿಕೆ ಇದೆಯೇ. "ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ" ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ಹುಡುಕಿ. ಆ ನಿಯಮ ನಾಯಿಗೆ. ಮೊಲವನ್ನು ಹಾಗೆ ರಾತ್ರಿಯಿಡೀ ಉಪವಾಸ ಕೆಡವಬಾರದು.

ಯಾವಾಗ ಆಸ್ಪತ್ರೆಗೆ

ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮೂಲೆಯಲ್ಲಿ ಮುದುಡಿ ಕೂತರೆ ಅದು ತುರ್ತು. ಹುಲ್ಲು ಬಿಟ್ಟು ಮೆತ್ತನೆಯದನ್ನಷ್ಟೇ ತಿನ್ನುವುದು, ಗದ್ದ ಒದ್ದೆಯಾಗಿರುವುದು, ಜೋರಾಗಿ ಹಲ್ಲು ಕಡಿಯುವುದು ಹಲ್ಲಿನ ತೊಂದರೆಯ ಲಕ್ಷಣ. ಹಿಕ್ಕೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದರೆ, ದಾರ ಅಥವಾ ರೋಮದಲ್ಲಿ ಪೋಣಿಸಿದಂತೆ ಬರುತ್ತಿದ್ದರೆ ಕಾಯಬೇಡಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕುಡಿಸಬೇಡಿ, ಉಣ್ಣೆ, ಚಿಗಟಕ್ಕೆಂದು ನಾಯಿಗೆ ಹಚ್ಚುವ ಫಿಪ್ರೊನಿಲ್ ಹನಿಯನ್ನೂ ಹಾಕಬೇಡಿ. ಎರಡೂ ಮೊಲವನ್ನು ಕೊಲ್ಲಬಲ್ಲವು.

ಹೋಗುವಾಗ ಕಡಿದ ವಸ್ತುವಿನ ಉಳಿದ ತುಂಡನ್ನೂ, ಆ ದಿನದ ಹಿಕ್ಕೆಯನ್ನು ಒಂದು ಡಬ್ಬಿಯಲ್ಲೂ ಒಯ್ಯಿರಿ. ಬುಟ್ಟಿಯಲ್ಲಿ ಒಂದು ಹಿಡಿ ಹುಲ್ಲಿರಲಿ. ಬೇಸಿಗೆಯಾದರೆ ಬೆಳಿಗ್ಗೆ ಎಂಟರೊಳಗೆ ಹೊರಡಿ, ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ ಒಯ್ಯುವುದಕ್ಕಿಂತ ರಿಕ್ಷಾ ವಾಸಿ.